ಹಾಬ್ಸನ್-ಜಾಬ್ಸನ್, ಆರು ವರ್ಷದ ಬಳಕೆಯ ನಂತರ: ಅಡಿಕೆಗೆ ಸರಿ, ಮೆಣಸಿನಕಾಯಿಗೆ ತಪ್ಪು

ಬಳಸಿದ್ದು: ಬ್ರಿಟಿಷರ ಕಾಲದ ಈ ಇಂಗ್ಲಿಷ್ ನಿಘಂಟಿನ 1903ರ ಎರಡನೇ ಆವೃತ್ತಿಯ ಮರುಮುದ್ರಣ, ಜೊತೆಗೆ ಅದೇ ಆವೃತ್ತಿಯ ಆನ್‌ಲೈನ್ ರೂಪ. ಜಾಗ ದಾವಣಗೆರೆ. ಕೆಲಸ ಹೆಚ್ಚಾಗಿ ಗಿಡಮರ, ಕಾಳುಕಡಿ, ಮಸಾಲೆ ಪದಾರ್ಥಗಳ ಇಂಗ್ಲಿಷ್ ಹೆಸರು ಎಲ್ಲಿಂದ ಬಂತು ಎಂದು ಹುಡುಕುವುದು. ಅಂಕ 5ಕ್ಕೆ 4.

ಅಡಿಕೆಯಿಂದಲೇ ಶುರು ಮಾಡುವುದು ಒಳ್ಳೆಯದು. ಚನ್ನಗಿರಿ ಕಡೆ ರಾಶಿ, ಬೆಟ್ಟೆ, ಗೊರಬಲು ಎಂದು ಒಂದೊಂದಕ್ಕೂ ಬೇರೆ ಹೆಸರಿಟ್ಟು ತೂಗುವ ಮಾಲನ್ನು ಇಂಗ್ಲಿಷ್ ಪತ್ರಿಕೆಗಳು ಇವತ್ತಿಗೂ ‘ಬೀಟಲ್ ನಟ್’ ಅಂತಲೇ ಬರೆಯುತ್ತವೆ. ಈ ಪುಸ್ತಕದ ‘ಅರೆಕಾ’ ನಮೂದು ಮೊದಲ ಸಾಲುಗಳಲ್ಲೇ ಅದು ಸರಿಯಲ್ಲ ಅನ್ನುತ್ತದೆ: ಬೀಟಲ್ ಅಂದರೆ ಎಲೆ, ಕಾಯಿ ಅಲ್ಲ. ಬೀಟಲ್‌ನ ಮೂಲ ಮಲಯಾಳದ ‘ವೆಟ್ಟಿಲ’, ಅಂದರೆ ‘ಬರೀ ಎಲೆ’. ಅರೆಕಾದ ಮೂಲ ಮಲಯಾಳದ ‘ಅಡಕ್ಕ’. ಎರಡೂ ಪೋರ್ಚುಗೀಸರ ಬಾಯಿ ದಾಟಿ ಇಂಗ್ಲಿಷಿಗೆ ಹೋದವು. ‘ಡ’ಕಾರ ಅವರ ಕಿವಿಗೆ ‘ರ’ ಆಗಿ ಕೇಳಿಸಿ ಅಡಕ್ಕ ಅರೆಕಾ ಆಯಿತು.

ಇಲ್ಲಿ ನಮ್ಮವರು ಸಾಮಾನ್ಯವಾಗಿ ಎಡವುತ್ತಾರೆ. ‘ಅರೆಕಾ ನಮ್ಮ ಅಡಿಕೆಯಿಂದಲೇ ಬಂದದ್ದು’ ಅನ್ನುವುದು ಕೇಳಲು ಹಿತ, ಆದರೆ ದಾರಿ ಅದಲ್ಲ. ಅಡಿಕೆ ಮತ್ತು ಅಡಕ್ಕ ಅಕ್ಕತಂಗಿಯರು. ಪೋರ್ಚುಗೀಸರು 1498ರಲ್ಲಿ ಬಂದಿಳಿದದ್ದು ಕಲ್ಲಿಕೋಟೆ ಕಡೆ, ಹಾಗಾಗಿ ಅವರಿಗೆ ಕೇಳಿಸಿದ್ದು ಮಲಯಾಳದ ರೂಪ. ತೇಗ (ಟೀಕ್), ಹಲಸು (ಜಾಕ್), ನಾರು (ಕಾಯರ್), ಕೊಬ್ಬರಿ (ಕೋಪ್ರಾ), ಇವೆಲ್ಲಕ್ಕೂ ಪುಸ್ತಕ ಮತ್ತೆ ಮತ್ತೆ ಮಲಯಾಳವನ್ನೇ ತೋರಿಸುವುದಕ್ಕೆ ಕಾರಣವೂ ಇದೇ. ಪಕ್ಷಪಾತ ಏನಿಲ್ಲ, ಹಡಗು ನಿಂತದ್ದು ಅಲ್ಲಿ.

ಪುಸ್ತಕದ ಪರಿಚಯ ಇಷ್ಟು ಸಾಕು: ಬ್ರಿಟಿಷ್ ಇಂಡಿಯಾದ ಇಂಗ್ಲಿಷಿಗೆ ಸೇರಿಕೊಂಡ ಮಾತುಗಳ ನಿಘಂಟು. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಸೇರಿ ಮಾಡಿದ್ದು, 1886ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಬರ್ನೆಲ್ ತೀರಿಕೊಂಡು ನಾಲ್ಕು ವರ್ಷ ಆಗಿತ್ತು. 1903ರಲ್ಲಿ ವಿಲಿಯಂ ಕ್ರೂಕ್ ತಿದ್ದಿ ಬೆಳೆಸಿದರು. ಮೊಹರಂ ಮೆರವಣಿಗೆಯ ‘ಯಾ ಹಸನ್, ಯಾ ಹುಸೇನ್’ ಕೂಗು ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ತಿರುಚಿಕೊಂಡದ್ದೇ ‘ಹಾಬ್ಸನ್-ಜಾಬ್ಸನ್’.

ನಮೂದನ್ನು ಓದುವ ಕ್ರಮ ಗೊತ್ತಿಲ್ಲದಿದ್ದರೆ ತಪ್ಪು ತಿಳಿವಳಿಕೆ ಖಂಡಿತ. ಪ್ರತಿ ನಮೂದಿನಲ್ಲೂ ಎರಡು ಪದರ. ಮೇಲೆ ವಿವರಣೆ; ಕೆಳಗೆ ಆ ಪದ ಯಾವ ಇಸವಿಯಲ್ಲಿ, ಯಾರ ಬರಹದಲ್ಲಿ, ಯಾವ ಕಾಗುಣಿತದಲ್ಲಿ ಸಿಕ್ಕಿತು ಎಂಬ ಉಲ್ಲೇಖಗಳ ಸಾಲು. 1510ರ ಇಟಲಿಯ ಪ್ರವಾಸಿ ವರ್ತೆಮಾ, 1563ರಲ್ಲಿ ಗೋವೆಯಲ್ಲಿ ಪುಸ್ತಕ ಅಚ್ಚು ಹಾಕಿಸಿದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ, ಇಂಥವರು ಗಿಡಗಳ ವಿಷಯದಲ್ಲಿ ಪದೇ ಪದೇ ಬರುತ್ತಾರೆ. ವಿವರಣೆ ಹಳೆಯದಾಗಬಹುದು, ಈ ಸಾಲುಗಳು ಹಳೆಯದಾಗುವುದಿಲ್ಲ. ಇನ್ನೊಂದು, ಚೌಕ ಆವರಣದೊಳಗೆ ಇರುವುದೆಲ್ಲ ಕ್ರೂಕ್ ಸೇರಿಸಿದ್ದು. ‘ಬರ್ನೆಲ್ ಹೀಗೆ ಹೇಳಿದ್ದಾನೆ’ ಎಂದು ಬರೆಯುವ ಮುಂಚೆ ಆವರಣ ನೋಡಿಕೊಳ್ಳಬೇಕು. ಅಡಕ್ಕದ ‘ಅಡೈ + ಕಾಯ್’ ಎಂಬ ಬಿಡಿಸುವಿಕೆ ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್‌ದು, ತಂದು ಸೇರಿಸಿದ್ದು ಕ್ರೂಕ್. ಮೂಲ ಲೇಖಕರು, ಕ್ರೂಕ್, ಕಾಲ್ಡ್‌ವೆಲ್, ಎಲ್ಲರ ಮಾತೂ ಒಂದೇ ವಾಕ್ಯದಲ್ಲಿ.

ಹುಡುಕುವುದರಲ್ಲೇ ಅರ್ಧ ಜನ ಸೋಲುತ್ತಾರೆ. ಶೀರ್ಷಿಕೆ ಪದಗಳು ಆ ಕಾಲದ ಸಾಹೇಬರ ಕಾಗುಣಿತದಲ್ಲಿವೆ. ರಾಗಿ ಬೇಕಿದ್ದರೆ ‘ರ‍್ಯಾಗಿ’: ಜಿ ಎರಡು, ಕೊನೆಗೆ ವೈ. ಜೋಳಕ್ಕೆ ‘ಜೋವಾರ್’, ಕೊನೆಯಲ್ಲಿ ಎ-ಯು-ಆರ್. ಬದನೆಕಾಯಿಗೆ ‘ಬ್ರಿಂಜಾಲ್’, ಕೊನೆಯಲ್ಲಿ ಎ-ಯು-ಎಲ್. ಚಿತ್ರದುರ್ಗ ಸ್ಥಳನಾಮವಾಗಿ ಇದೆ, ಆದರೆ ‘ಚಿಟ್ಲ್‌ಡ್ರೂಗ್’ ಎಂಬ ವೇಷದಲ್ಲಿ. ಹಳೆಯ ಗೆಜೆಟಿಯರುಗಳ ‘ಚಿತಲ್‌ಡ್ರೂಗ್’ ಇದರ ತಮ್ಮ. ಸಿಗದಿದ್ದರೆ ಇಲ್ಲವೆಂದು ಪುಸ್ತಕ ಮುಚ್ಚಬೇಡಿ. ಸ್ವರ ಬದಲಿಸಿ, ವ್ಯಂಜನ ಇಮ್ಮಡಿ ಮಾಡಿ ಇನ್ನೆರಡು ಸಲ ನೋಡಿ.

ಇದಕ್ಕೆ ಚಿಕಾಗೊ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ನಿಘಂಟುಗಳ ಜಾಲತಾಣ ಸಲೀಸು, ದುಡ್ಡು ಕೊಡಬೇಕಿಲ್ಲ. ಶೀರ್ಷಿಕೆ ಪದದಲ್ಲಿ ಸಿಗದ್ದನ್ನು ಇಡೀ ಪಠ್ಯದಲ್ಲಿ ಹುಡುಕಬೇಕು. ಗಿಡದ ಸಸ್ಯಶಾಸ್ತ್ರೀಯ ಹೆಸರು ಹಾಕಿದರೆ ಬೇಗ ಸಿಗುತ್ತದೆ, ಆದರೆ 1903ರ ಹೆಸರನ್ನೇ ಹಾಕಬೇಕು. ಹುರುಳಿ ಈಗ ಮ್ಯಾಕ್ರೋಟೈಲೋಮಾ. ಆಗ ಅದು ಡಾಲಿಕಸ್. ಕಾಚು ಕೊಡುವ ಕಗ್ಗಲಿ ಈಗ ಸೆನೆಗೇಲಿಯಾ, ಆಗ ಅಕೇಷಿಯಾ. ‘ಕ್ಯಾನರೀಸ್’ ಎಂದು ಹಾಕಿ ನೋಡಿದರೆ ಕನ್ನಡವನ್ನು ಹೆಸರಿಸಿದ ನಮೂದುಗಳು ಸಾಲಾಗಿ ಬರುತ್ತವೆ. ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಈಗ ಒಂದು ಅಂಕ ಕಳೆದ ಕಾರಣ.

ಮೆಣಸಿನಕಾಯಿ. ‘ಚಿಲ್ಲಿ’ ಎಂಬ ಹೆಸರು ದಕ್ಷಿಣ ಅಮೆರಿಕದ ಚಿಲಿ ದೇಶದಿಂದ ಬಂತು, ಅದರಲ್ಲಿ ಸಂಶಯವೇ ಇಲ್ಲ ಎನ್ನುವ ಧಾಟಿಯಲ್ಲಿ ಪುಸ್ತಕ ಹೇಳುತ್ತದೆ. ತಪ್ಪು. ಅದು ಮೆಕ್ಸಿಕೋದ ನಾವಾಟಲ್ ಭಾಷೆಯ ‘ಚೀಲ್ಲಿ’, ಸ್ಪ್ಯಾನಿಷ್ ಮೂಲಕ ಬಂದದ್ದು. ದೇಶದ ಹೆಸರಿಗೂ ಕಾಯಿಗೂ ಸಂಬಂಧವಿಲ್ಲ. ತಪ್ಪಿಗೆ ಕಾರಣ ಊಹಿಸುವುದು ಕಷ್ಟವಲ್ಲ: ಇವರ ಬಲವೆಲ್ಲ ಅರಬ್ಬಿ, ಪರ್ಷಿಯನ್, ಪೋರ್ಚುಗೀಸ್, ಭಾರತೀಯ ಭಾಷೆಗಳಲ್ಲಿ. ಅಮೆರಿಕದಿಂದ ಬಂದ ಗಿಡ ಎದುರಾದಾಗ ನಕ್ಷೆ ನೋಡಿ ಹೇಳಿದಂತಿದೆ. ಕನ್ನಡದ ಹೆಸರಿನಲ್ಲೇ ಗಿಡದ ಪ್ರಾಯ ಕಾಣುತ್ತದೆ ಅನ್ನುವುದು ಬೇರೆ ಮಾತು: ಮೆಣಸು ಮೊದಲಿನಿಂದ ಇತ್ತು, ಅದರ ಖಾರ ಇದ್ದ ಹೊಸ ಕಾಯಿ ಮೆಣಸಿನಕಾಯಿ ಆಯಿತು.

ಶುಂಠಿಯ ನಮೂದು ಇನ್ನೂ ಸ್ವಾರಸ್ಯ, ಯಾಕೆಂದರೆ ಅರ್ಧ ಬಹಳ ಸರಿ, ಅರ್ಧ ತಪ್ಪು. ‘ಜಿಂಜರ್’ ಸಂಸ್ಕೃತದ ಶೃಂಗವೇರದಿಂದ ಬಂತು, ಬೇರು ಕೊಂಬಿನ ಹಾಗಿರುವುದರಿಂದ ಆ ಹೆಸರು ಎಂದು ಹಳೆಯ ನಿಘಂಟುಗಳು ಒಪ್ಪಿಸುತ್ತಿದ್ದವು. ಕೊಂಬಿನ ಕಥೆ ಆಮೇಲೆ ಕಟ್ಟಿದ್ದು, ಒಳಗಿರುವುದು ದಕ್ಷಿಣದ ‘ಇಂಚಿ-ವೇರ್’ (ಶುಂಠಿ-ಬೇರು) ಎಂದು ಇವರು ಆಗಲೇ ಹೇಳಿದರು. ಮುಂದೆ ಭಾಷಾಶಾಸ್ತ್ರಜ್ಞರೂ ಅದೇ ಕಡೆಗೆ ಬಂದರು. ಆದರೆ ಅಲ್ಲಿಗೆ ನಿಲ್ಲಿಸದೆ, ‘ಇಂಚಿ’ಯ ಹಿಂದೆ ಮೊದಲು ಒಂದು ‘ಶ’ಕಾರ ಇದ್ದಿರಬೇಕು, ಕನ್ನಡದ ‘ಶುಂಠಿ’ಯಲ್ಲಿ ಅದು ಉಳಿದಿದೆ, ಹಿಂದಿಯ ‘ಸೋಂಠ್’ ಹುಟ್ಟಿದ್ದೂ ಬಹುಶಃ ಇದರಿಂದಲೇ ಎಂದು ಎಳೆಯುತ್ತಾರೆ. ‘ಠ’ ಎಂಬ ಮಹಾಪ್ರಾಣ ನೋಡಿದ ಕೂಡಲೇ ಕನ್ನಡ ಬಲ್ಲವರಿಗೆ ಅನುಮಾನ ಬರಬೇಕು. ಶುಂಠಿ ನೇರ ಸಂಸ್ಕೃತದಿಂದ ಬಂದ ಪದ, ಅರ್ಥ ಒಣಶುಂಠಿ. ಸೋಂಠ್ ಕೂಡ ಅದರ ಮಗುವೇ. ಹಸಿಯದಕ್ಕೆ ಅಚ್ಚಗನ್ನಡದ ‘ಅಲ್ಲ’ ಇದೆ. ಅದು ಇವರ ಲೆಕ್ಕಕ್ಕೆ ಬರಲೇ ಇಲ್ಲ. ಸಾಲದ್ದಕ್ಕೆ ‘ಇಂಚಿ’ಗೆ ‘ಬೇರು’ ಎಂಬ ಅರ್ಥ ಕೊಟ್ಟಿದ್ದಾರೆ. ಬೇರು ಅಂದರೆ ವೇರ್.

ಹಾಗಾಗಿ ಕನ್ನಡದ ಕೊಂಡಿ ಬಂದಲ್ಲೆಲ್ಲ ಎರಡನೇ ಪುಸ್ತಕ ತೆರೆಯಲೇಬೇಕು. 1894ರ ಕಿಟೆಲ್ ನಿಘಂಟಿನ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ. ಪದ ದೇಶಿಯೋ, ತದ್ಭವವೋ, ಸಂಸ್ಕೃತವೋ ಎಂದು ಅದರಲ್ಲಿ ತಿಳಿಯುತ್ತದೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ (ಪರಿಷ್ಕೃತ ಆವೃತ್ತಿ 1984) ಚಿಕಾಗೊ ತಾಣದಲ್ಲೇ ಇದೆ. ಕ್ರಮ ಹೀಗಿರಲಿ: ಇಂಗ್ಲಿಷ್ ರೂಪ ಮತ್ತು ಇಸವಿ ಹಾಬ್ಸನ್-ಜಾಬ್ಸನ್‌ನಿಂದ, ಕನ್ನಡ ರೂಪದ ಜಾತಕ ಕಿಟೆಲ್‌ನಿಂದ, ತಮಿಳು-ಮಲಯಾಳ-ತೆಲುಗಿನ ನೆಂಟಸ್ತಿಕೆ ಬರೋ-ಎಮೆನೋದಿಂದ. ಮೂರೂ ಒಂದೇ ಕಡೆ ಕೈ ತೋರಿಸಿದರೆ ಬರೆಯಿರಿ.

ಸಣ್ಣ ನಮೂದುಗಳಲ್ಲಿ ಪುಸ್ತಕ ನಂಬಿಕೆಗೆ ಅರ್ಹ. ‘ಟ್ಯಾಮರಿಂಡ್’ ಅರಬ್ಬಿಯ ‘ತಮರ್-ಅಲ್-ಹಿಂದ್’, ಹಿಂದ್ ದೇಶದ ಖರ್ಜೂರ. ಅದರ ಮೇಲೆ ಲ್ಯಾಟಿನ್ ಹೆಸರು ‘ಟ್ಯಾಮರಿಂಡಸ್ ಇಂಡಿಕಾ’, ಹೀಗಾಗಿ ಹುಣಸೆಗೆ ಎರಡು ಸಲ ಇಂಡಿಯಾದ ಮುದ್ರೆ; ಮರದ ತವರು ಮಾತ್ರ ಆಫ್ರಿಕಾ. ಬೇವಿನ ಎಣ್ಣೆ ಡಬ್ಬಿಯ ಮೇಲೆ ಕಾಣುವ ‘ಮಾರ್ಗೋಸಾ’ ಪೋರ್ಚುಗೀಸಿನ ‘ಅಮಾರ್ಗೋಸಾ’, ಕಹಿ. ಕಡಲೆ, ಹುರುಳಿಗೆ ಹೇಳುವ ‘ಗ್ರಾಂ’ ಬಂದದ್ದು ‘ಧಾನ್ಯ’ ಎಂಬರ್ಥದ ಪೋರ್ಚುಗೀಸ್ ಪದದಿಂದ. ತಕ್ಕಡಿಯ ಗ್ರಾಂ ಗ್ರೀಕಿನದು, ಎರಡಕ್ಕೂ ಸಂಬಂಧವಿಲ್ಲ.

ಶುದ್ಧ ಸಸ್ಯಶಾಸ್ತ್ರೀಯ ಹೆಸರಿಗೆ ಇದನ್ನು ನೆಚ್ಚಿಕೊಳ್ಳಬೇಡಿ. ಹಿರಿಯೂರು, ಚಳ್ಳಕೆರೆ ರಸ್ತೆ ಬದಿಯ ಎಕ್ಕದ ‘ಕ್ಯಾಲೋಟ್ರೋಪಿಸ್’ (ಗ್ರೀಕಿನಲ್ಲಿ ಚೆಂದದ ದೋಣಿಯ ಅಡಿಮರ), ಬದುವಿನ ಗೊಬ್ಬರದ ಗಿಡದ ‘ಗ್ಲಿರಿಸಿಡಿಯಾ’ (ಲ್ಯಾಟಿನ್‌ನಲ್ಲಿ ಇಲಿ ಕೊಲ್ಲುವುದು), ಇಂಥವಕ್ಕೆ ಸಸ್ಯನಾಮಗಳದೇ ಕೋಶ ಬೇಕು.

ಕೊಳ್ಳುವವರಿಗೆ: ಹಕ್ಕುಸ್ವಾಮ್ಯ ಮುಗಿದ ಪುಸ್ತಕ, ಯಾರು ಬೇಕಾದರೂ ಅಚ್ಚು ಹಾಕುತ್ತಾರೆ. ಸಾವಿರ ಪುಟ ಮೀರಿದ್ದನ್ನು ಬರೀ ಗೋಂದು ಹಾಕಿ ಅಂಟಿಸಿದ ಪ್ರತಿ ನಮ್ಮ ಏಪ್ರಿಲ್ ಬಿಸಿಲಿಗೆ ಬೆನ್ನು ಬಿಡುತ್ತದೆ, ಮೊದಲು ಕಳಚುವುದು ನಡುವಿನ ಪುಟಗಳು. ಹೊಲಿದ ಬೈಂಡಿಂಗ್ ಇದ್ದರೆ ಮಾತ್ರ ತಗೊಳ್ಳಿ. 1886ರ ಪಠ್ಯವನ್ನೇ ಹೊಸ ರಟ್ಟಿನಲ್ಲಿ ಮಾರುವುದೂ ಉಂಟು, ಅದರಲ್ಲಿ ಕ್ರೂಕ್ ಸೇರಿಸಿದ್ದು ಇರುವುದಿಲ್ಲ. ಯಂತ್ರದಿಂದ ಓದಿಸಿ ಮತ್ತೆ ಜೋಡಿಸಿದ ಅಗ್ಗದ ಪ್ರತಿಗಳಲ್ಲಿ ಅಕ್ಷರದ ಕೆಳಗಿನ ಚುಕ್ಕೆ, ಮೇಲಿನ ಗೆರೆ ಹಾರಿಹೋಗಿರುತ್ತವೆ; ಅಲ್ಲಿಗೆ ‘ಡ’ ಯಾವುದು, ‘ದ’ ಯಾವುದು ತಿಳಿಯುವ ದಾರಿಯೇ ಇಲ್ಲ. ಅಂಗಡಿಯಲ್ಲಿ ನಿಂತೇ ಅರೆಕಾ ನಮೂದು ತೆರೆದು ‘ಅಡಕ್ಕ’ ಬರೆದಿರುವುದನ್ನು ನೋಡಿ. ಡಿ ಅಕ್ಷರದ ಕೆಳಗೆ ಚುಕ್ಕೆ ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ.