ಸೂಪರ್ ಕಬ್ ಮತ್ತು ಸಿಎಚ್ 701: ಎರಡನ್ನೂ ಹಾರಿಸಿ ನೋಡಿದ ಮೇಲೆ

ಕಡಿಮೆ ಜಾಗದಲ್ಲಿ ಏರಿ, ಕಡಿಮೆ ಜಾಗದಲ್ಲಿ ಇಳಿಯುವ ಎರಡು ಸೀಟಿನ ವಿಮಾನ ಬೇಕು ಅಂತ ಬಹಳ ದಿನದಿಂದ ಆಸೆ. ನಾನಿರುವುದು ಅಮೆರಿಕದಲ್ಲಿ. ಇಲ್ಲಿ ಹುಲ್ಲಿನ ರನ್‌ವೇಗಳು ಬೇಕಾದಷ್ಟಿವೆ, ಹವ್ಯಾಸಕ್ಕೆ ಹಾರಿಸುವವರೂ ಬೇಕಾದಷ್ಟಿದ್ದಾರೆ. ಕೊಳ್ಳುವ ಮೊದಲು ಹಾರಿಸಿ ನೋಡೋಣ ಅಂತ ಎರಡು ಬೇಸಿಗೆ ಓಡಾಡಿದೆ. ಕೊನೆಗೆ ಮನಸ್ಸಿನಲ್ಲಿ ಉಳಿದಿದ್ದು ಎರಡೇ: ಪೈಪರ್ ಸೂಪರ್ ಕಬ್ ಮತ್ತು ಝೆನಿತ್ ಸಿಎಚ್ 701.

ಸೂಪರ್ ಕಬ್ 1949ರಲ್ಲಿ ಬಂದ ವಿಮಾನ. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಬಟ್ಟೆ. ಒಬ್ಬರ ಹಿಂದೆ ಒಬ್ಬರು ಕೂರಬೇಕು. ಅಲಾಸ್ಕಾದಲ್ಲಿ ರಸ್ತೆ ಇಲ್ಲದ ಕಡೆಗೆಲ್ಲ ಇವತ್ತಿಗೂ ಇದೇ ಹೋಗುತ್ತದೆ. 701 ಪೂರ್ತಿ ಅಲ್ಯೂಮಿನಿಯಂ. ಕ್ರಿಸ್ ಹೈಂಟ್ಸ್ ಅನ್ನುವ ಎಂಜಿನಿಯರ್ 1980ರ ದಶಕದಲ್ಲಿ ಇದನ್ನು ವಿನ್ಯಾಸ ಮಾಡಿದರು. ಮನೆಯಲ್ಲೇ ಕಟ್ಟಿಕೊಳ್ಳುವವರಿಗಾಗಿ ಮಾಡಿದ್ದು. ಇದರಲ್ಲಿ ಇಬ್ಬರೂ ಪಕ್ಕಪಕ್ಕ ಕೂರುತ್ತಾರೆ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ, ಎಷ್ಟು ಅಡಿಯಲ್ಲಿ ಏಳುತ್ತದೆ ಅಂತ. 150 ಅಶ್ವಶಕ್ತಿಯ ಸೂಪರ್ ಕಬ್‌ಗೆ ಪೈಪರ್ ಕೊಟ್ಟ ಲೆಕ್ಕ 200 ಅಡಿ. 100 ಅಶ್ವಶಕ್ತಿಯ ರೋಟಾಕ್ಸ್ ಎಂಜಿನ್ ಹಾಕಿದ 701ಕ್ಕೆ ಕಂಪನಿ ಹೇಳುವುದು ಸುಮಾರು 90 ಅಡಿ. ಒಂದು ಕ್ರಿಕೆಟ್ ಪಿಚ್ 66 ಅಡಿ ಅಲ್ವಾ? ಅದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಾನು ಹಾರಿಸಿದ ದಿನ ಎದುರುಗಾಳಿ ಇತ್ತು. ಎಂಜಿನ್ ಶಕ್ತಿ ಏರಿಸುವ ಥ್ರಾಟಲ್ ಪೂರ್ತಿ ಒತ್ತಿ, ಮೂಗು ಎತ್ತಲು ಸ್ಟಿಕ್ ಹಿಂದೆ ಎಳೆದೆ. ಓಡುತ್ತಿದ್ದೇವೆ ಅಂತ ಅನ್ನಿಸುವ ಮೊದಲೇ ಚಕ್ರದ ಸದ್ದು ನಿಂತುಹೋಯಿತು. ಮುಂದೆ ಆಕಾಶ ಬಿಟ್ಟು ಏನೂ ಕಾಣಲಿಲ್ಲ. ಆ ಖುಷಿ ಇನ್ನೂ ಮೈಯಲ್ಲಿದೆ.

701ರ ರೆಕ್ಕೆಯ ವಿಸ್ತೀರ್ಣ ಸೂಪರ್ ಕಬ್‌ನ ರೆಕ್ಕೆಯ ಮೂರರಲ್ಲಿ ಎರಡು ಭಾಗದಷ್ಟೇ ಇದೆ. ಆದರೂ ವೇಗ ಗಂಟೆಗೆ 30 ಮೈಲಿ ಆಸುಪಾಸಿಗೆ ಇಳಿಯುವವರೆಗೆ ಅದು ಗಾಳಿಯಲ್ಲಿ ನಿಲ್ಲುತ್ತದೆ. ಸೂಪರ್ ಕಬ್‌ಗೆ ರೆಕ್ಕೆಯ ಹಿಂದಿನ ಫ್ಲ್ಯಾಪ್ ಇಳಿಸಿದರೂ 43 ಮೈಲಿ ಬೇಕು. ಗುಟ್ಟಿರುವುದು ರೆಕ್ಕೆಯ ಮುಂಚೂಣಿಯಲ್ಲಿ. ಅಲ್ಲಿ ಉದ್ದಕ್ಕೂ ಸ್ಲ್ಯಾಟ್ ಅನ್ನುವ ಇನ್ನೊಂದು ಸಣ್ಣ ಪಟ್ಟಿ ಕೂತಿದೆ, ನಡುವೆ ಸಂದು ಬಿಟ್ಟು. ಮೂಗು ಎತ್ತಿದಾಗ ಕೆಳಗಿನ ಗಾಳಿ ಆ ಸಂದಿನಿಂದ ನುಗ್ಗಿ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತದೆ. ಮಾಮೂಲಿ ರೆಕ್ಕೆ 15-16 ಡಿಗ್ರಿಗೆ ಕೈಬಿಟ್ಟರೆ ಇದು 30 ಡಿಗ್ರಿವರೆಗೂ ತಾಳುತ್ತದೆ. 1936ರ ಜರ್ಮನಿಯ ಷ್ಟೋರ್ಖ್ ವಿಮಾನದಲ್ಲೂ ಇದೇ ಉಪಾಯ ಇತ್ತು.

ಆದರೆ ಸ್ಲ್ಯಾಟ್ ಸುಮ್ನೆ ಏನೂ ಕೊಡುವುದಿಲ್ಲ, ಗಾಳಿಯಲ್ಲಿ ವಿಮಾನವನ್ನು ಹಿಂದಕ್ಕೂ ಎಳೆಯುತ್ತದೆ. ನನ್ನ ಮೂರನೇ ಲ್ಯಾಂಡಿಂಗ್‌ನಲ್ಲಿ, ನೆಲ ಇನ್ನೂ ಇಪ್ಪತ್ತು ಅಡಿ ಕೆಳಗಿರುವಾಗ, ಅಭ್ಯಾಸಬಲದಿಂದ ಥ್ರಾಟಲ್ ಪೂರ್ತಿ ಮುಚ್ಚಿದೆ. ಬೇರೆ ವಿಮಾನವಾಗಿದ್ದರೆ ತೇಲಿಕೊಂಡು ಹೋಗುತ್ತಿತ್ತು. ಇದು ತೇಲಲಿಲ್ಲ. ವೇಗ ಕಣ್ಣೆದುರೇ ಕುಸಿಯಿತು. ಸ್ಟಿಕ್ ಎಳೆದರೆ ಎತ್ತುವುದಕ್ಕೆ ಶಕ್ತಿಯೇ ಉಳಿದಿರಲಿಲ್ಲ. ಪಕ್ಕದಲ್ಲಿದ್ದ ಶಿಕ್ಷಕರು ಥ್ರಾಟಲ್ ಕೊಟ್ಟಿದ್ದರಿಂದ ಬರೀ ಜೋರಾಗಿ ಕುಕ್ಕರಿಸಿತು, ಏನೂ ಮುರಿಯಲಿಲ್ಲ. ತಪ್ಪು ಪೂರ್ತಿ ನನ್ನದು. "ಇದನ್ನು ಎಂಜಿನ್ ಶಕ್ತಿಯ ಮೇಲೆಯೇ ನೆಲಕ್ಕೆ ತರಬೇಕು" ಅಂದರು ಅವರು. ಈ ಕಾರಣಕ್ಕೇ 701 ಇಟ್ಟುಕೊಂಡವರಲ್ಲಿ ಕೆಲವರು ಸ್ಲ್ಯಾಟ್ ಬಿಚ್ಚಿ, ರೆಕ್ಕೆಯ ಮೇಲೆ ಗಾಳಿಯಲ್ಲಿ ಸುಳಿ ಎಬ್ಬಿಸುವ ಸಣ್ಣ ಸಣ್ಣ ವೋರ್ಟೆಕ್ಸ್ ಜನರೇಟರ್ ಅಂಟಿಸಿಕೊಳ್ಳುತ್ತಾರೆ. ಎಳೆತ ಕಡಿಮೆಯಾಗುತ್ತದೆ, ವೇಗ ಸ್ವಲ್ಪ ಸಿಗುತ್ತದೆ. ನಾನಂತೂ ಸ್ಲ್ಯಾಟ್ ಬಿಚ್ಚುವುದಿಲ್ಲ. ಅದಿಲ್ಲದ 701 ನನಗೆ 701 ಅಲ್ಲ.

ಸೂಪರ್ ಕಬ್ ಬೇರೆಯದೇ ಸ್ವಭಾವ. ಐಡಹೋದ ಬೆಟ್ಟಗಳ ನಡುವೆ ಜಾನ್ಸನ್ ಕ್ರೀಕ್ ಅಂತ ಒಂದು ಹುಲ್ಲಿನ ರನ್‌ವೇ ಇದೆ, ಸಮುದ್ರಮಟ್ಟದಿಂದ 4,900 ಅಡಿಗೂ ಎತ್ತರದಲ್ಲಿ. ಅಲ್ಲಿಗೆ ಬೆಳಗ್ಗೆ ಬೇಗ ಹೋದೆವು. ಬಿಸಿಲೇರಿದ ಮೇಲೆ ಕಣಿವೆಯಲ್ಲಿ ಗಾಳಿ ಕೆಡುತ್ತದೆ. ಮುಂದೆ ನಾನು, ಹಿಂದೆ ಶಿಕ್ಷಕರು. ಎಡಗೈಯಲ್ಲಿ ಥ್ರಾಟಲ್, ಬಲಗೈಯಲ್ಲಿ ಸ್ಟಿಕ್. ಥ್ರಾಟಲ್ ಇಳಿಸಿದರೂ ವಿಮಾನ ಗಾಬರಿಯಾಗುವುದಿಲ್ಲ, ಜಾರಿಕೊಂಡು ಬರುತ್ತದೆ. ನಿಧಾನವಾದಂತೆ ಸ್ಟಿಕ್ ಸಡಿಲವಾಗುತ್ತದೆ, ಗಾಳಿಯ ಸದ್ದು ತಗ್ಗುತ್ತದೆ, ಸೀಟಿನ ಕೆಳಗೆ ಸಣ್ಣ ನಡುಕ ಶುರುವಾಗುತ್ತದೆ. ಇಷ್ಟು ಮುಂಚಿತವಾಗಿ, ಇಷ್ಟು ಸ್ಪಷ್ಟವಾಗಿ ಎಚ್ಚರಿಸುವ ಇನ್ನೊಂದು ವಿಮಾನವನ್ನು ನಾನು ಹಾರಿಸಿಲ್ಲ. ಬಲಗಡೆಯ ಬಾಗಿಲು ಎರಡು ತುಂಡು. ಮೇಲಿನದು ರೆಕ್ಕೆಗೆ ಸಿಕ್ಕಿಸಿಕೊಳ್ಳುತ್ತದೆ, ಕೆಳಗಿನದು ಹೊರಗೆ ಜೋತುಬೀಳುತ್ತದೆ. ಎರಡನ್ನೂ ತೆರೆದಿಟ್ಟು ಪೈನ್ ಮರಗಳ ಮೇಲೆ ಹಾರಿದರೆ ಅವುಗಳ ವಾಸನೆ ಒಳಗೆ ಬರುತ್ತದೆ.

ಕಷ್ಟ ಇರುವುದು ನೆಲದ ಮೇಲೆ. ಬಾಲದ ಕೆಳಗೆ ಟೇಲ್‌ವೀಲ್, ಭಾರವೂ ಮುಂದಿನ ಚಕ್ರಗಳಿಗಿಂತ ಹಿಂದೆ. ಅಡ್ಡಗಾಳಿಯಲ್ಲಿ ಪೆಡಲ್ ಮೇಲಿನ ಕಾಲು ಒಂದು ಕ್ಷಣ ಸುಮ್ಮನಾದರೆ ಬಾಲ ಮುಂದೆ ಬರಲು ನೋಡುತ್ತದೆ. ಇದಕ್ಕೆ ಇಲ್ಲಿ ಬೇರೆ ತರಬೇತಿ ಮುಗಿಸಿ, ಶಿಕ್ಷಕರ ಸಹಿ ಪಡೆಯಬೇಕು. 701ರ ಮೂಗಿನ ಕೆಳಗೆ ಚಕ್ರ ಇದೆ. ಆ ತಲೆನೋವು ಇಲ್ಲ.

ಕಿಟ್‌ಫಾಕ್ಸ್ ಅನ್ನುವ ಇನ್ನೊಂದು ವಿಮಾನವನ್ನೂ ಒಂದು ಗಂಟೆ ಹಾರಿಸಿದೆ. ಕೈಗೆ ತುಂಬಾ ನಯ, 701ಕ್ಕಿಂತ ಚೆನ್ನಾಗಿ ಓಡುತ್ತದೆ. ರೆಕ್ಕೆ ಹಿಂದಕ್ಕೆ ಮಡಚಿ ಟ್ರೇಲರ್ ಮೇಲೆ ಮನೆಗೆ ತರಬಹುದು. ದೂರ ಹೋಗುವವರು ಅದನ್ನೇ ನೋಡಿ. ನನ್ನ ಹಾರಾಟವೆಲ್ಲ ಒಂದು ಗಂಟೆಯೊಳಗಿನದು.

ದೂರದ ವಿಷಯದಲ್ಲಿ 701 ನಿಜಕ್ಕೂ ಹಿಂದೆ. ಗಂಟೆಗೆ 80 ಮೈಲಿ ಅಂದುಕೊಳ್ಳಿ. ಎದುರುಗಾಳಿ ಬಂದರೆ ಕೆಳಗಿನ ಹೆದ್ದಾರಿಯ ಕಾರುಗಳು ಮುಂದೆ ಹೋಗುತ್ತವೆ. ಹಗುರವಾದ್ದರಿಂದ ಮಧ್ಯಾಹ್ನದ ಬಿಸಿಗಾಳಿಯಲ್ಲಿ ಕುಲುಕಾಟವೂ ಜಾಸ್ತಿ. ಭಾರ ಹೊರುವುದರಲ್ಲೂ ಸೂಪರ್ ಕಬ್ ಮುಂದು. ಅದರ ಒಟ್ಟು ತೂಕದ ಮಿತಿ 1,750 ಪೌಂಡ್, 701ರದ್ದು 1,100. ಇಬ್ಬರು ದೊಡ್ಡವರು ಕೂತು ಟ್ಯಾಂಕ್ ತುಂಬಿಸಿದರೆ 701ರಲ್ಲಿ ಡೇರೆ, ಚೀಲಕ್ಕೆ ಜಾಗ ಉಳಿಯುವುದಿಲ್ಲ.

ಖರ್ಚಿನಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ರೋಟಾಕ್ಸ್‌ಗೆ ಕಾರಿನ ಪೆಟ್ರೋಲ್ ನಡೆಯುತ್ತದೆ, ಅದೂ ಸೂಪರ್ ಕಬ್‌ನ ಲೈಕಮಿಂಗ್ ಎಂಜಿನ್ ಕುಡಿಯುವುದರಲ್ಲಿ ಹೆಚ್ಚುಕಡಿಮೆ ಅರ್ಧ. ಲೋಹದ ಮೈಯಾದ್ದರಿಂದ ಬಯಲಲ್ಲಿ ಕಟ್ಟಿಹಾಕಬಹುದು. ಬಟ್ಟೆಯ ವಿಮಾನವನ್ನು ಬಿಸಿಲಿಂದ ಕಾಪಾಡಬೇಕು. ಚೆನ್ನಾಗಿಟ್ಟ ಹಳೆಯ ಸೂಪರ್ ಕಬ್‌ನ ಬೆಲೆಯಂತೂ ಇಳಿಯುವುದೇ ಇಲ್ಲ.

ಒಬ್ಬ ಗೆಳೆಯರು ನನ್ನ ಹೆಂಡತಿಯನ್ನು ತಮ್ಮ ಸೂಪರ್ ಕಬ್‌ನಲ್ಲಿ ಒಂದು ಸುತ್ತು ಕರೆದುಕೊಂಡು ಹೋದರು. ಇಳಿದ ಮೇಲೆ ಅವಳು ಹೇಳಿದ್ದು: "ರೀ, ಚೆನ್ನಾಗೇ ಇತ್ತು. ಆದ್ರೆ ಮುಂದೆ ನೋಡಿದ್ರೆ ಅವರ ಬೆನ್ನು ಬಿಟ್ಟು ಏನೂ ಕಾಣಲ್ಲ." 701ರಲ್ಲಿ ನನ್ನ ಪಕ್ಕ ಕೂತು, ಹೊರಗೆ ಉಬ್ಬಿದ ಬಾಗಿಲಿನಿಂದ ನೇರ ಕೆಳಗೆ ನೋಡುತ್ತಾ ಹೋಗಬಹುದು. ನನಗೆ ಅದು ದೊಡ್ಡ ವಿಷಯ.

ಹಾಗಾಗಿ 701. ಮಿಸೌರಿಯ ಮೆಕ್ಸಿಕೋ ಊರಿನಲ್ಲಿರುವ ಝೆನಿತ್ ಕಾರ್ಖಾನೆಗೆ ಹೋಗಿ, ಎರಡು ದಿನದ ಕಾರ್ಯಾಗಾರದಲ್ಲಿ ಬಾಲದ ರಡ್ಡರ್ ಕಟ್ಟಿಕೊಂಡು ಬಂದಿದ್ದೇವೆ. ರಿವೆಟ್ ಹೊಡೆದಿದ್ದು ಹೆಚ್ಚಾಗಿ ಅವಳೇ. ಬೆಟ್ಟಗಳಿಗೆ ಸಾಮಾನು ಹೊತ್ತು ಹೋಗುವುದೇ ನಿಮ್ಮ ಆಸೆಯಾದರೆ ಸೂಪರ್ ಕಬ್ ಬಿಟ್ಟು ಬೇರೆ ನೋಡಬೇಡಿ. ಯಾವುದನ್ನೇ ಪರೀಕ್ಷಿಸಲು ಹೋದರೂ, ಟೇಕಾಫ್ ನೋಡಿ ಮರುಳಾಗುವ ಮೊದಲು ಶಿಕ್ಷಕರ ಜೊತೆ ಸಾಕಷ್ಟು ಎತ್ತರಕ್ಕೆ ಹೋಗಿ, ಥ್ರಾಟಲ್ ಪೂರ್ತಿ ಮುಚ್ಚಿ. ಮೂಗು ಎಷ್ಟು ಬೇಗ, ಎಷ್ಟು ಕೆಳಗೆ ಇಳಿಸಬೇಕಾಗುತ್ತದೆ ಅಂತ ನಿಮ್ಮ ಕೈಯಿಂದಲೇ ನೋಡಿಕೊಳ್ಳಿ.