ಕಾಕ್‌ಪಿಟ್ ಅಳತೆ: ಪಿಡಿಎಫ್, ಫೋಟೊ, ರೆಡಿ ಕಿಟ್, ಗುಜರಿ ಪ್ಯಾನೆಲ್, ಯಾವುದನ್ನು ನಂಬೋದು?

ಮನೆಯಲ್ಲೇ ಫ್ಲೈಟ್ ಸಿಮ್ಯುಲೇಟರ್ ಆಡೋಕೆ ವಿಮಾನದ ಕಾಕ್‌ಪಿಟ್ ಥರದ್ದೇ ಒಂದನ್ನು ಕಟ್ಟುತ್ತಿದ್ದೇನೆ, ಅದರ ಅಳತೆ ಹುಡುಕಿದ ಕಥೆ ಇದು. ನನ್ನ ಪೆದ್ದುತನದಿಂದಲೇ ಶುರು ಮಾಡುತ್ತೇನೆ. ಬೋಯಿಂಗ್ 737-800ರ ಡಿಸ್‌ಪ್ಲೇ 8 ಇಂಚು ಅಂತ ಓದಿದ್ದೆ. ಮಾನಿಟರ್ ಇಂಚು ಅಂದರೆ ಮೂಲೆಯಿಂದ ಮೂಲೆಗೆ ಅಲ್ವಾ, ಇದೂ ಹಾಗೇ ಇರಬೇಕು ಅಂದುಕೊಂಡು ಪ್ಲೈವುಡ್ ಕೊಯ್ದೇಬಿಟ್ಟೆ. ಅದು 8 ಇಂಚು ಅಗಲ, 8 ಇಂಚು ಎತ್ತರದ ಚೌಕ, ಅದೂ ಹೊರ ಅಂಚು ಸೇರಿಸಿ. ಮೂಲೆಯಿಂದ ಮೂಲೆಗೆ 11 ಇಂಚಿಗೂ ಜಾಸ್ತಿ. ಆ ಹಲಗೆ ಈಗ ಬಣ್ಣದ ಡಬ್ಬಿ ಇಡುವ ಶೆಲ್ಫ್ ಆಗಿದೆ.

ಆಮೇಲೆ ನಾಲ್ಕು ದಾರಿ ಹಿಡಿದು ನೋಡಿದೆ.

ಪಿಡಿಎಫ್ ಪ್ಲಾನ್ ಎಲ್ಲಕ್ಕಿಂತ ಸುಲಭ. ಯಾರೋ ಪುಣ್ಯಾತ್ಮರು ಬರೆದಿಟ್ಟಿರುತ್ತಾರೆ, ನಾವು ಪ್ರಿಂಟ್ ತೆಗೆದು ಅಂಟಿಸಿದರೆ ಆಯ್ತು. ಆದರೆ ಪ್ರಿಂಟರ್ ಸುಮ್ನೆ ಇರಲ್ಲ, ಪುಟಕ್ಕೆ ಹೊಂದಿಸುತ್ತೇನೆ ಅಂತ ಚಿತ್ರವನ್ನು ಕುಗ್ಗಿಸುತ್ತದೆ. ನನ್ನ 100 ಮಿ.ಮೀ. ಗೆರೆ 97 ಆಗಿ ಬಂದಿತ್ತು. ಚಿಕ್ಕ ಪ್ಯಾನೆಲ್‌ನಲ್ಲಿ ಇದು ಗೊತ್ತೇ ಆಗಲ್ಲ. ಒಂದು ಮೀಟರ್ ಅಗಲದ ಮುಂದಿನ ಪ್ಯಾನೆಲ್‌ನಲ್ಲಿ ಮಾತ್ರ 3 ಸೆಂ.ಮೀ. ಮಾಯ. ಹಾಗಾಗಿ ಪ್ರತಿ ಹಾಳೆಯಲ್ಲೂ ಒಂದು ಅಳತೆಗೆರೆ ಎಳೆದು, ಸ್ಕೇಲ್ ಇಟ್ಟು ನೋಡಿಕೊಳ್ಳಿ. ಇನ್ನೊಂದು ಮಾತು: ಮೂರು ಪ್ಲಾನ್‌ಗಳಲ್ಲಿ ಒಂದೇ ಅಳತೆ ಇತ್ತು ಅಂತ ಖುಷಿಪಟ್ಟಿದ್ದೆ. ಒಂದು ವಾರ ಬಿಟ್ಟು ನೋಡಿದರೆ ಮೂರರಲ್ಲೂ ಒಂದೇ ಸ್ಪೆಲಿಂಗ್ ತಪ್ಪು! ಮೂವರೂ ಒಂದೇ ಕಡೆಯಿಂದ ಕಾಪಿ ಹೊಡೆದಿದ್ದರು.

ಫೋಟೊದಿಂದ ಅಳೆಯೋದು ಕೇಳೋಕೆ ಚೆನ್ನಾಗಿದೆ. ಗೊತ್ತಿರುವ ಒಂದು ಅಗಲ ಹಿಡಿದು ಉಳಿದದ್ದನ್ನು ಲೆಕ್ಕ ಹಾಕಿದರೆ ಆಯ್ತಲ್ಲ ಅನ್ನಿಸುತ್ತದೆ. ಆದರೆ ಕ್ಯಾಮೆರಾಗೆ ಹತ್ತಿರ ಇರೋದು ದೊಡ್ಡದಾಗಿಯೇ ಕಾಣುತ್ತದೆ. ಪ್ಯಾನೆಲ್ ಕ್ಯಾಮೆರಾದಿಂದ 1 ಮೀಟರ್ ದೂರ ಇದ್ದು, ಅದರ ಮುಂದಿನ ಲಿವರ್ 10 ಸೆಂ.ಮೀ. ಹೊರಗೆ ಚಾಚಿದ್ದರೆ, ಆ ಲಿವರ್ ಶೇ. 11ರಷ್ಟು ದೊಡ್ಡದಾಗಿ ಬೀಳುತ್ತದೆ. ಅದೇ 3 ಮೀಟರ್ ಹಿಂದಿನಿಂದ ತೆಗೆದರೆ ಶೇ. 3.5ರೊಳಗೆ. ಕಾಕ್‌ಪಿಟ್‌ನಲ್ಲಿ ಅಷ್ಟು ಹಿಂದೆ ಹೋಗೋಕೆ ಜಾಗ ಎಲ್ಲಿದೆ? ಎಲ್ಲರೂ ವೈಡ್ ಲೆನ್ಸ್ ಹಾಕಿಯೇ ತೆಗೆಯೋದು, ಅದರಲ್ಲಿ ಅಂಚಿನ ಪ್ಯಾನೆಲ್‌ಗಳು ಎಳೆದ ರಬ್ಬರ್ ಥರ. ಬಾಗಿಲ ಆಚೆ ನಿಂತು ಝೂಮ್ ಮಾಡಿ ನೇರಕ್ಕೆ ತೆಗೆದ ಫೋಟೊ ಸಿಕ್ಕರೆ ಬಿಡಬೇಡಿ, ಬಾಕಿ ಐವತ್ತು ಫೋಟೊಗಿಂತ ಅದೊಂದೇ ಮೇಲು.

ರೆಡಿ ಕಿಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ತೂತುಗಳು ಸರಿಯಾಗಿದ್ದವು, ಕೆಲಸ ಬೇಗ ಮುಗಿಯಿತು. ಆದರೆ ನಾನು ತಂದದ್ದು ವಿಮಾನಕ್ಕೆ ಹೊಂದುವ ಬದಲು ಅಂಗಡಿಯಲ್ಲಿ ಸಿಗುವ ಮಾನಿಟರ್‌ಗೆ ಹೊಂದಿಕೊಂಡಿತ್ತು. ಮೇಲಿನ ಗ್ಲೇರ್‌ಶೀಲ್ಡನ್ನು (ಮುಂದಿನ ಪ್ಯಾನೆಲ್‌ಗೆ ಬಿಸಿಲು ಹೊಡೆಯದಂತೆ ಮೇಲೆ ಚಾಚಿರುವ ಹೊದಿಕೆ) ಬೇರೆಯವರ ಹತ್ತಿರ ತರಿಸಿದೆ, ಸ್ಕ್ರೂ ತೂತು 6 ಮಿ.ಮೀ. ಪಕ್ಕಕ್ಕೆ. ಎಲ್ಲವನ್ನೂ ಒಬ್ಬರ ಹತ್ತಿರವೇ ತಗೊಳ್ಳೋದಾದರೆ ಸರಿ, ಇಲ್ಲಾಂದ್ರೆ ಬೇಡ.

ನನ್ನ ಕಣ್ಣು ತೆರೆಸಿದ್ದು ಗುಜರಿಗೆ ಹೋದ ವಿಮಾನದ ಒಂದು ಹಳೇ ರೇಡಿಯೊ ಪ್ಯಾನೆಲ್. ಕೆಟ್ಟು ಹೋಗಿತ್ತು, ಗುಬುಟುಗಳೂ ಇರಲಿಲ್ಲ. ಆದರೆ ಅದರ ಅಗಲ ಸರಿಯಾಗಿ 146 ಮಿ.ಮೀ., ಅಂದರೆ 5.75 ಇಂಚು. ಎರಡು ಸೀಟುಗಳ ನಡುವಿನ ಕಟ್ಟೆಯಲ್ಲಿ, ಅಂದರೆ ಪೆಡೆಸ್ಟಲ್‌ನಲ್ಲಿ ಕೂರುವ ರೇಡಿಯೊ ಥರದ ಪ್ಯಾನೆಲ್‌ಗಳಿಗೆ ಇದು ಸಾಮಾನ್ಯ ಅಗಲ. ಪ್ಯಾನೆಲ್ ಬಿಗಿಯುವ ಡ್ಜೂಸ್ ಸ್ಕ್ರೂ ಸಿಗಿಸುವ ಪಟ್ಟಿಯಲ್ಲಿ ತೂತುಗಳು 9.525 ಮಿ.ಮೀ.ಗೆ ಒಂದರಂತೆ ಇರುತ್ತವೆ, ಅಂದರೆ ಇಂಚಿನ ಎಂಟರಲ್ಲಿ ಮೂರು ಪಾಲು. ಪ್ಯಾನೆಲ್‌ನ ಎತ್ತರವೂ ಅದೇ ಲೆಕ್ಕದಲ್ಲಿ ಏರುತ್ತದೆ, ಪಕ್ಕದ್ದಕ್ಕೆ ಉಜ್ಜದಿರಲಿ ಅಂತ ಕೂದಲೆಳೆಯಷ್ಟು ಕಡಿಮೆ ಇಟ್ಟಿರುತ್ತಾರೆ. ಇದು ಗೊತ್ತಾದ ಮೇಲೆ ಫೋಟೊದ ಸುಳ್ಳು ಹಿಡಿಯೋದು ಸುಲಭವಾಯಿತು. ಒಂದು ಪ್ಯಾನೆಲ್ ಎತ್ತರ 71 ಮಿ.ಮೀ. ಅಂತ ಲೆಕ್ಕ ಬಂತು. 7 ತೂತಿಗೆ 66.7, 8 ತೂತಿಗೆ 76.2. ನಡುವೆ 71 ಇರೋಕೆ ಸಾಧ್ಯವೇ ಇಲ್ಲ. ಓರೆಯಾಗಿ ತೆಗೆದ ಫೋಟೊ ಅಂತ ಅಲ್ಲಿಗೇ ಬಿಟ್ಟೆ.

ಸ್ವಿಚ್ ತೂತಿನ ವಿಷಯವೂ ಆಗಲೇ ಗೊತ್ತಾಗಿದ್ದು. ನಾನು ತಂದಿದ್ದ ಮಿನಿ ಟಾಗಲ್‌ಗೆ (ಕಡ್ಡಿಯನ್ನು ಮೇಲೆ ಕೆಳಗೆ ತಳ್ಳುವ ಚಿಕ್ಕ ಸ್ವಿಚ್) 6 ಮಿ.ಮೀ. ಚಿಲ್ಲರೆ ಸಾಕು, ದೊಡ್ಡ ಟಾಗಲ್‌ಗೆ 12 ಬೇಕು. ಪ್ಯಾನೆಲ್ ಕೊಯ್ಯುವ ಮುಂಚೆ ಸ್ವಿಚ್ ಕೈಯಲ್ಲಿರಲಿ.

ಆದರೆ ನಿಜವಾದ ಪ್ಯಾನೆಲ್ ತನ್ನ ಅಳತೆಯನ್ನಷ್ಟೇ ಹೇಳುತ್ತದೆ, ಸೀಟಿನಿಂದ ಎಷ್ಟು ದೂರ ಇರಬೇಕು ಅಂತ ಹೇಳುವುದಿಲ್ಲ. ಹಾಗಾಗಿ ಪ್ಯಾನೆಲ್‌ಗಳ ಅಳತೆಗೆ ಗುಜರಿ ಪ್ಯಾನೆಲ್, ನಡುವಿನ ಜಾಗಕ್ಕೆ ದೂರದಿಂದ ತೆಗೆದ ಫೋಟೊ, ಅಕ್ಷರ ಗೆರೆಗಳಿಗೆ ಪಿಡಿಎಫ್ ಅಂತ ಹಂಚಿಕೊಂಡೆ. ಎಲ್ಲವನ್ನೂ ಮೊದಲು ರಟ್ಟಿನಲ್ಲಿ ಕಟ್ಟಿ, ಕೂತು, ಕೈ ಚಾಚಿ ನೋಡಿದೆ. ಕಣ್ಣಿನ ಎತ್ತರ 5 ಸೆಂ.ಮೀ. ಇಳಿದರೂ ಗ್ಲೇರ್‌ಶೀಲ್ಡ್ ಅಡ್ಡ ಬಂದು ರನ್‌ವೇ ಕಾಣಲ್ಲ. ಪ್ಯಾನೆಲ್ 2 ಮಿ.ಮೀ. ತಪ್ಪಿದರೆ ಯಾರಿಗೂ ಗೊತ್ತಾಗಲ್ಲ, ಸೀಟ್ ತಪ್ಪಿದರೆ ಪ್ರತಿ ಲ್ಯಾಂಡಿಂಗ್‌ನಲ್ಲೂ ಗೊತ್ತಾಗುತ್ತದೆ.

ತಲೆ ಮೇಲಿನ ಓವರ್‌ಹೆಡ್ ಪ್ಯಾನೆಲ್ ಮಾತ್ರ ಇನ್ನೂ 4 ಸೆಂ.ಮೀ. ಕೆಳಗಿದೆ. ಕಾರಣ ನನ್ನ ಕೋಣೆಯ ಸೀಲಿಂಗ್. ಪ್ಲಾಟ್‌ಫಾರ್ಮ್ ಎತ್ತರಿಸುವ ಮುಂಚೆ ತಲೆ ಎತ್ತಿ ನೋಡಬೇಕಿತ್ತು.