ಟಾಪೊ ಸಿ200 ಕ್ಯಾಮೆರಾ: ಹಾಲ್‌ಗೆ ಸರಿ, ಗೇಟಿಗಲ್ಲ

ಹತ್ತು ಹದಿನೈದು ವರ್ಷದ ಹಿಂದೆ ಮನೆಗೆ ಸಿಸಿಟಿವಿ ಹಾಕಿಸುವುದೆಂದರೆ ದೊಡ್ಡ ಕೆಲಸ. ನಾಲ್ಕು ಚಾನೆಲ್‌ನ ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ), ಅದರೊಳಗೆ ಹಾರ್ಡ್ ಡಿಸ್ಕ್, ಒಂದೊಂದು ಕ್ಯಾಮೆರಾಗೂ ತ್ರೀ ಪ್ಲಸ್ ಒನ್ ಕೇಬಲ್, ತುದಿಗೆ ಬಿಎನ್‌ಸಿ ಕನೆಕ್ಟರ್, ವಿದ್ಯುತ್ ಕೊಡಲು 12 ವೋಲ್ಟಿನ ಎಸ್‌ಎಂಪಿಎಸ್, ಗೋಡೆ ತುಂಬ ಡ್ರಿಲ್ಲಿನ ತೂತು. ಇಷ್ಟಾದರೂ ಹೆಚ್ಚಿನ ಮನೆಗಳಲ್ಲಿ ಅದು ತೋರಿಸುತ್ತಿದ್ದುದು ಆಗಿಹೋದದ್ದನ್ನು ಮಾತ್ರ. ಟಿಪಿ-ಲಿಂಕ್ ಕಂಪನಿಯ ಟಾಪೊ ಸಿ200ನಂಥ ವೈ-ಫೈ ಕ್ಯಾಮೆರಾ ತಂದ ದೊಡ್ಡ ಬದಲಾವಣೆ ಚಿತ್ರದ ಗುಣಮಟ್ಟದಲ್ಲಿಲ್ಲ, ಸಮಯದಲ್ಲಿದೆ. ಬೀಗ ಹಾಕಿದ ಮನೆಯೊಳಗೆ ಯಾರಾದರೂ ಕಾಲಿಟ್ಟರೆ ಕೆಲವೇ ಸೆಕೆಂಡಿನಲ್ಲಿ ನಿಮ್ಮ ಫೋನಿಗೆ ಸುದ್ದಿ ಬರುತ್ತದೆ. ಆಗಲೇ ಪಕ್ಕದ ಮನೆಯವರಿಗೆ ಫೋನ್ ಮಾಡಬಹುದು, 112ಕ್ಕೂ ಕರೆ ಮಾಡಬಹುದು.

ಕಲ್ಪನೆ ಹಳೆಯದೇ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಮತ್ತು ಅವರ ಪತಿ ಆಲ್ಬರ್ಟ್ ಮನೆ ಕಾವಲಿನ ಇಂಥದೇ ವ್ಯವಸ್ಥೆಯೊಂದಕ್ಕೆ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1969ರಲ್ಲಿ ಪಡೆದರು. ಬಾಗಿಲಿನ ಕಿಂಡಿಗಳ ಹಿಂದೆ ಮೇಲೆ ಕೆಳಗೆ ಜರುಗುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಟಿವಿ ಪರದೆ, ಬಂದವರ ಜೊತೆ ಮಾತಾಡಲು ಮೈಕು. ಅಲುಗುವ ಕ್ಯಾಮೆರಾ, ಪರದೆ, ಎರಡೂ ಕಡೆಯ ಮಾತು ಈ ಮೂರೂ ಸಿ200ರಲ್ಲಿವೆ, ಪರದೆಯ ಜಾಗದಲ್ಲಿ ನಿಮ್ಮ ಫೋನ್ ಇದೆ ಅಷ್ಟೆ. ಬೆಲೆ ಸುಮಾರು ಎರಡು ಸಾವಿರ ರೂಪಾಯಿಯ ಆಸುಪಾಸು.

ಪೆಟ್ಟಿಗೆಯಲ್ಲಿ ಕ್ಯಾಮೆರಾ, 9 ವೋಲ್ಟ್ 0.6 ಆಂಪಿಯರ್ ಅಡಾಪ್ಟರ್, ಗೋಡೆಗೆ ಕೂರಿಸುವ ಬೇಸ್, ಸ್ಕ್ರೂ ಇವೆ. ಮೆಮೊರಿ ಕಾರ್ಡ್ ಇರುವುದಿಲ್ಲ, ಬೇರೆ ಕೊಳ್ಳಬೇಕು. ಲೆನ್ಸನ್ನು ಕೈಯಿಂದ ಮೆಲ್ಲಗೆ ಮೇಲಕ್ಕೆ ತಿರುಗಿಸಿದರೆ ಕೆಳಗೆ ಕಾರ್ಡಿನ ಸ್ಲಾಟ್, ರೀಸೆಟ್ ಬಟನ್ ಕಾಣುತ್ತವೆ. ಪ್ಲಗ್ ಹಾಕಿ, ದೀಪ ಕೆಂಪು ಹಸಿರಾಗಿ ಮಿನುಗುವವರೆಗೆ ಕಾದು, ಟಾಪೊ ಆ್ಯಪ್‌ನಲ್ಲಿ ಸೇರಿಸಿದರೆ ಹತ್ತು ನಿಮಿಷದ ಕೆಲಸ. ದೀಪ ಹಸಿರಾಗಿ ನಿಂತರೆ ಸರ್ವರ್‌ಗೆ ಸೇರಿದೆ ಎಂದರ್ಥ. ಹಳದಿ ಮಿಶ್ರಿತ ಕಿತ್ತಳೆಯಲ್ಲೇ ನಿಂತರೆ ವೈ-ಫೈ ಸಿಕ್ಕಿದೆ, ಇಂಟರ್‌ನೆಟ್ ಕಡೆ ತೊಂದರೆಯಿದೆ.

ಹೆಚ್ಚಿನವರು ಎಡವುವುದು ಇಲ್ಲೇ. ಈ ಕ್ಯಾಮೆರಾಗೆ 2.4 ಗಿಗಾಹರ್ಟ್ಸ್ ವೈ-ಫೈ ಮಾತ್ರ ಗೊತ್ತು. ಫೈಬರ್ ಕಂಪನಿಗಳು ಕೊಡುವ ಎಷ್ಟೋ ರೂಟರ್‌ಗಳಲ್ಲಿ 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿರುತ್ತದೆ. ಫೋನ್ 5ರಲ್ಲಿದ್ದಾಗ ಜೋಡಣೆ ಅರ್ಧಕ್ಕೆ ನಿಲ್ಲಬಹುದು. ರೂಟರ್ ಸೆಟ್ಟಿಂಗ್‌ನಲ್ಲಿ 2.4ಕ್ಕೆ ಬೇರೆ ಹೆಸರಿಡಿ. ಇನ್ನೂ ಒಳ್ಳೆಯದೆಂದರೆ ಗೆಸ್ಟ್ ನೆಟ್‌ವರ್ಕ್ (ಅತಿಥಿಗಳಿಗೆಂದು ಬೇರೆಯಾಗಿಡುವ ವೈ-ಫೈ) ತೆರೆದು ಕ್ಯಾಮೆರಾವನ್ನು ಅದರಲ್ಲೇ ಇಡುವುದು. ಆಗ ಕ್ಯಾಮೆರಾದಲ್ಲಿ ಏನಾದರೂ ದೋಷವಿದ್ದರೂ ಮನೆಯ ಲ್ಯಾಪ್‌ಟಾಪ್‌ವರೆಗೆ ತಲುಪುವ ದಾರಿ ಕಷ್ಟವಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ರೂಟರ್‌ಗಳೆಲ್ಲ ಒಂದೇ ಚಾನೆಲ್ ಮೇಲೆ ಕೂತಿರುತ್ತವೆ. 1, 6, 11 ಈ ಮೂರರಲ್ಲಿ ಖಾಲಿಯಿರುವುದನ್ನು ಆರಿಸಿ. ಕರಾವಳಿಯ ಮುರಕಲ್ಲಿನ ಗೋಡೆ, ಹಳೆ ಮನೆಯ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ ಸಿಗ್ನಲ್ ಬಡವಾಗುತ್ತದೆ. ಗೋಡೆಗೆ ತೂತು ಕೊರೆಯುವ ಮೊದಲು ಕ್ಯಾಮೆರಾವನ್ನು ಅದೇ ಜಾಗದಲ್ಲಿ ಒಂದು ದಿನ ಸ್ಟೂಲಿನ ಮೇಲಿಟ್ಟು ನೋಡಬೇಕು.

ಚಿತ್ರದ ಬಗ್ಗೆ ಲೆಕ್ಕವಾಗಿಯೇ ಹೇಳಬೇಕು. ಗುರುತು ಪರಿಚಯವಿಲ್ಲದ ವ್ಯಕ್ತಿಯ ಮುಖವನ್ನು ಖಚಿತವಾಗಿ ಗುರುತಿಸಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕೆಂಬುದು ಸಿಸಿಟಿವಿಯವರು ಪಾಲಿಸುವ ಮಾನದಂಡ. ಈ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಭಾಗಿಸಿದರೆ 7.7 ಮೀಟರ್, ಅಂದರೆ ಸುಮಾರು 25 ಅಡಿ. ವ್ಯಕ್ತಿ ನಿಂತ ಜಾಗದಲ್ಲಿ ದೃಶ್ಯದ ಅಗಲ ಅಷ್ಟರೊಳಗಿದ್ದರೆ ಮುಖ ಸಿಗುತ್ತದೆ. ದೃಶ್ಯದ ಅಗಲ ಅದನ್ನು ಮೀರುವಷ್ಟು ದೂರದಲ್ಲಿ ‘ಯಾರೋ ಬಂದರು’ ಎಂದಷ್ಟೇ ಗೊತ್ತಾಗುತ್ತದೆ. ಅದೂ ಹಗಲಿನ ಲೆಕ್ಕ. ಸೆಕೆಂಡಿಗೆ 15 ಫ್ರೇಮ್ ಮಾತ್ರ ಇರುವುದರಿಂದ ಚುರುಕಾಗಿ ಓಡಾಡುವವರು ಬಿಟ್ಟುಬಿಟ್ಟು ಕಾಣುತ್ತಾರೆ. ರಾತ್ರಿ ಬೆಳಕು ಕಡಿಮೆಯಾಗಿ ಮಸುಕೂ ಆಗುತ್ತಾರೆ. ಹಾಗಾಗಿ ಇದಕ್ಕೆ ತಕ್ಕ ಜಾಗವೆಂದರೆ ಹಾಲ್‌ನ ಒಳಮೂಲೆ, ಮುಖ ಮುಂಬಾಗಿಲ ಕಡೆಗೆ, ಎತ್ತರ ಏಳರಿಂದ ಎಂಟು ಅಡಿ. ಅದಕ್ಕಿಂತ ಮೇಲಿಟ್ಟರೆ ನೆತ್ತಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಒಳಚಾವಣಿಗೆ ತಲೆಕೆಳಗಾಗಿ ಹಾಕಿದರೆ ಆ್ಯಪ್‌ನಲ್ಲಿ ಚಿತ್ರ ತಿರುಗಿಸುವ ಆಯ್ಕೆ ಒತ್ತಬೇಕು.

ಕಿಟಕಿ ಗಾಜಿನ ಹಿಂದಿಟ್ಟು ಅಂಗಳ ನೋಡುವ ಉಪಾಯ ಹಗಲಿಗೆ ಮಾತ್ರ. ರಾತ್ರಿ ಕತ್ತಲಲ್ಲಿ ನೋಡಲು ಅದು ಬೀರುವ ಇನ್‌ಫ್ರಾರೆಡ್ ಬೆಳಕು ಗಾಜಿಗೆ ಬಡಿದು ವಾಪಸ್ ಬಂದು ಪರದೆಯೆಲ್ಲ ಬೆಳ್ಳಗಾಗುತ್ತದೆ. ಪಕ್ಕದಲ್ಲೇ ಬಿಳಿ ಗೋಡೆ ಇದ್ದರೂ ಇದೇ ಕಥೆ. ಸಿಟ್‌ಔಟ್‌ನಲ್ಲಿ, ಗೇಟಿನ ಕಂಬದಲ್ಲಿ ಇದನ್ನು ಇಡಲೇಬಾರದು. ಇದು ಒಳಾಂಗಣದ ಕ್ಯಾಮೆರಾ, ಮಲೆನಾಡಿನ ಮಳೆಗಾಲ ತಾಳುವುದಿಲ್ಲ. ಹೊರಗೆ ಬೇಕಿದ್ದರೆ ಅದೇ ಕಂಪನಿಯ ಸಿ310ನಂಥ, ನೀರು, ಧೂಳು ತಡೆಯುವ ಐಪಿ66 ರಕ್ಷಣೆಯಿರುವ ಮಾದರಿ ನೋಡಿ.

ಅಲರ್ಟ್‌ಗಳನ್ನು ಮೊದಲ ವಾರ ಕೂತು ಹದ ಮಾಡದಿದ್ದರೆ ಕೊಂಡದ್ದೇ ವ್ಯರ್ಥ. ತಂದ ಹಾಗೇ ಬಿಟ್ಟರೆ ಫ್ಯಾನಿಗೆ ಅಲುಗುವ ಪರದೆ, ಬೆಕ್ಕು, ರಸ್ತೆಯ ಗಾಡಿಯ ಬೆಳಕು, ಎಲ್ಲಕ್ಕೂ ಫೋನ್ ಬಡಿದುಕೊಳ್ಳುತ್ತದೆ. ನಾಲ್ಕನೇ ದಿನಕ್ಕೆ ಮನೆಯವರು ನೋಟಿಫಿಕೇಶನ್ ಆಫ್ ಮಾಡುತ್ತಾರೆ, ಕಳ್ಳ ಬಂದಾಗ ಯಾರೂ ನೋಡುವುದಿಲ್ಲ. ಕಿಟಕಿಯನ್ನು ಬಿಟ್ಟು ಬಾಗಿಲು ಮತ್ತು ಅದರ ಮುಂದಿನ ನೆಲವನ್ನಷ್ಟೇ ಚಟುವಟಿಕೆಯ ವಲಯವಾಗಿ ಗುರುತಿಸಿ, ವ್ಯಕ್ತಿ ಪತ್ತೆಯನ್ನು ಆನ್ ಮಾಡಿ, ಸೆನ್ಸಿಟಿವಿಟಿಯನ್ನು ನಡುವಿಗೆ ತಂದು ಅಲ್ಲಿಂದ ಹೆಚ್ಚು ಕಡಿಮೆ ಮಾಡಿ. ಲೆನ್ಸ್ ಮುಂದೆ ಜೇಡ ಬಲೆ ನೇಯ್ದರೆ ರಾತ್ರಿಯಿಡೀ ಸುಳ್ಳು ಅಲರ್ಟ್ ಬರುತ್ತದೆ, ಹದಿನೈದು ದಿನಕ್ಕೊಮ್ಮೆ ಒರೆಸಬೇಕು. ಚಲನೆಯನ್ನು ಹಿಂಬಾಲಿಸಿ ತಿರುಗುವ ಸೌಲಭ್ಯ ನೋಡಲು ಚೆಂದ, ಆದರೆ ಕಾವಲಿಗೆ ನಾವು ಅದನ್ನು ಒಪ್ಪುವುದಿಲ್ಲ. ಒಬ್ಬನ ಹಿಂದೆ ತಿರುಗಿದ ಕ್ಯಾಮೆರಾಗೆ ಬಾಗಿಲಲ್ಲಿ ನಿಂತ ಇನ್ನೊಬ್ಬ ಕಾಣುವುದಿಲ್ಲ.

ಕಾರ್ಡಿನ ವಿಷಯ. 128 ಜಿಬಿಯಲ್ಲಿ 384 ಗಂಟೆ ಎಂದು ಕಂಪನಿ ಹೇಳುವುದು ಪ್ರಯೋಗಾಲಯದ ಲೆಕ್ಕ. ಸರಾಸರಿ 1 ಎಂಬಿಪಿಎಸ್ (ಸೆಕೆಂಡಿಗೆ 1 ಮೆಗಾಬಿಟ್) ಎಂದು ಹಿಡಿದರೂ ದಿನಕ್ಕೆ 10.8 ಜಿಬಿ ತುಂಬುತ್ತದೆ, ಅಂದರೆ ಹನ್ನೊಂದು ದಿನ ಚಿಲ್ಲರೆ. ಆಮೇಲೆ ಹಳೆಯದು ಅಳಿಸಿಹೋಗುತ್ತದೆ. ಹೆಚ್ಚು ದಿನ ಊರಿಗೆ ಹೋಗುವವರು ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಆಗುವಂತೆ ಇಡಬೇಕು. ಫೋನಿಗೆ ಹಾಕುವ ಮಾಮೂಲಿ ಕಾರ್ಡ್ ಹಗಲೂ ರಾತ್ರಿ ಬರೆಯುವ ಕೆಲಸಕ್ಕೆ ಹೆಚ್ಚು ಕಾಲ ತಡೆಯುವುದಿಲ್ಲ. ‘ಹೈ ಎಂಡ್ಯೂರೆನ್ಸ್’ ಎಂದು ಬರೆದಿರುವುದನ್ನೇ ತಂದು ಆ್ಯಪ್‌ನಿಂದಲೇ ಫಾರ್ಮ್ಯಾಟ್ ಮಾಡಿ. ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಕಾರ್ಡೂ ಹೋಯಿತು. ಇದಕ್ಕೆ ಎರಡು ದಾರಿ: ತಿಂಗಳ ಚಂದಾ ಕಟ್ಟಿ ಕಂಪನಿಯ ಸರ್ವರ್‌ನಲ್ಲಿ ಉಳಿಸುವ ಕ್ಲೌಡ್, ಇಲ್ಲವೇ ಬೀರುವಿನಲ್ಲಿ ಅಡಗಿಸಿಟ್ಟ ಎನ್‌ವಿಆರ್ (ನೆಟ್‌ವರ್ಕ್ ಮೂಲಕ ದೃಶ್ಯ ದಾಖಲಿಸುವ ಪೆಟ್ಟಿಗೆ). ಆ್ಯಪ್‌ನ ಸುಧಾರಿತ ಸೆಟ್ಟಿಂಗ್‌ನಲ್ಲಿ ಕ್ಯಾಮೆರಾ ಅಕೌಂಟ್ ತೆರೆದರೆ ಒನ್‌ವಿಫ್ ಎಂಬ, ಹಲವು ಕಂಪನಿಗಳು ಪಾಲಿಸುವ ಸಾಮಾನ್ಯ ಮಾನದಂಡದ ಮೂಲಕ ಬೇರೆ ಕಂಪನಿಯ ಎನ್‌ವಿಆರ್‌ಗೂ ಸೇರುತ್ತದೆ, ಈ ಬೆಲೆಗೆ ಇದು ದೊಡ್ಡ ಗುಣ. ಆದರೆ ಕಾರ್ಡ್, ಕ್ಲೌಡ್, ಎನ್‌ವಿಆರ್ ಮೂರನ್ನೂ ಒಟ್ಟಿಗೆ ನಡೆಸುವ ಶಕ್ತಿ ಇದಕ್ಕಿಲ್ಲ, ಎರಡನ್ನು ಆರಿಸಿಕೊಳ್ಳಬೇಕು.

ಇದರಲ್ಲಿ ಬ್ಯಾಟರಿ ಇಲ್ಲ. ಕರೆಂಟ್ ಹೋದರೆ ಕ್ಯಾಮೆರಾವೂ ಇಲ್ಲ, ರೂಟರೂ ಇಲ್ಲ. ಯುಪಿಎಸ್ ಇಲ್ಲದ ಮನೆಗೆ 9 ಮತ್ತು 12 ವೋಲ್ಟ್ ಎರಡೂ ಕೊಡುವ ಮಿನಿ ಯುಪಿಎಸ್ ಸಾಕು. 8800 ಎಂಎಎಚ್ ಎಂದು ಬರೆದಿದ್ದರೆ ಅದು 3.7 ವೋಲ್ಟಿನ ಲೆಕ್ಕ, ಅಂದರೆ ಸುಮಾರು 32.5 ವ್ಯಾಟ್ ಅವರ್. ನಷ್ಟ ಕಳೆದರೆ 26 ಸಿಗುತ್ತದೆ. ಕ್ಯಾಮೆರಾ, ರೂಟರ್ ಸೇರಿ 10 ವ್ಯಾಟ್ ಎಳೆದರೆ ಎರಡೂವರೆ ಗಂಟೆ. ಪ್ಲಗ್ ಹಾಕುವಾಗ ವೋಲ್ಟೇಜ್ ಎರಡು ಸಲ ನೋಡಿ: ರೂಟರಿನ 12 ವೋಲ್ಟಿನ ಪಿನ್ ಕ್ಯಾಮೆರಾಗೂ ಹೊಂದಿಕೊಂಡರೆ ಸುಟ್ಟುಹೋಗುವ ಅಪಾಯವಿದೆ.

ಪಾಸ್‌ವರ್ಡ್ ಬಗ್ಗೆ ಅಸಡ್ಡೆ ಬೇಡ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನು ಲೆಕ್ಕವಿಲ್ಲದಷ್ಟು ಹಿಡಿದು, ಅವುಗಳಿಂದಲೇ ಅಮೆರಿಕದ ದೊಡ್ಡ ಜಾಲತಾಣಗಳನ್ನು ಕೆಡವಿತು. ಆ್ಯಪ್‌ಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್, ಎರಡು ಹಂತದ ಪರಿಶೀಲನೆ, ಕಾಲಕಾಲಕ್ಕೆ ಫರ್ಮ್‌ವೇರ್ ಅಪ್‌ಡೇಟ್ ಇರಲೇಬೇಕು. ಹೊರಗಿನ ಇಂಟರ್‌ನೆಟ್‌ನಿಂದ ಕ್ಯಾಮೆರಾಗೆ ನೇರ ದಾರಿ ಕೊಡುವಂತೆ ರೂಟರಿನಲ್ಲಿ ಪೋರ್ಟ್ ತೆರೆಯಬೇಡಿ. ಭಾರತದಲ್ಲಿ 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಭದ್ರತೆಯ ಪರೀಕ್ಷೆ ಕಡ್ಡಾಯವಾಗಿದೆ. ಕೊಳ್ಳುವಾಗ ಹಳೆ ದಾಸ್ತಾನಿನ ಪೆಟ್ಟಿಗೆ ಬೇಡವೆನ್ನಿ, ಬಿಐಎಸ್ ನೋಂದಣಿ ಸಂಖ್ಯೆ ನೋಡಿ.

ಮನೆಯಲ್ಲಿ ಎಲ್ಲರೂ ಇರುವಾಗ ಚಿತ್ರೀಕರಣ ನಿಲ್ಲಿಸುವ ಪ್ರೈವೆಸಿ ಮೋಡ್ ಹಾಕಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಹೇಳಿದೆ. ಮನೆಗೆಲಸಕ್ಕೆ ಬರುವವರಿಗೆ ಕ್ಯಾಮೆರಾ ಇರುವ ವಿಷಯ ಬಾಯಿಬಿಟ್ಟು ಹೇಳಿ.

ಕಳ್ಳತನ ನಡೆದೇಹೋದರೆ ಮೊದಲು ಕ್ಯಾಮೆರಾ ಆಫ್ ಮಾಡಿ ಕಾರ್ಡ್ ತೆಗೆಯಿರಿ. ಚಾಲೂ ಇದ್ದಷ್ಟು ಹೊತ್ತೂ ಅದು ಹಳೆಯದರ ಮೇಲೆ ಬರೆಯುತ್ತಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಿಡಿಯೊ ಕುಗ್ಗಿರುತ್ತದೆ, ಹುಡುಕಲು ನೆರವಾದರೂ ಮೂಲದ ಬೆಲೆ ಅದಕ್ಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಇಂಥ ದಾಖಲೆಯ ಜೊತೆ ಹ್ಯಾಶ್ ಮೌಲ್ಯವಿರುವ (ಫೈಲು ಬದಲಾಗಿದೆಯೇ ಎಂದು ತಿಳಿಸುವ ಸಂಕೇತ) ಪ್ರಮಾಣಪತ್ರ ಕೊಡಬೇಕಾಗುತ್ತದೆ. ಆದ್ದರಿಂದ ಕಾರ್ಡಿನ ಫೈಲುಗಳ ಹೆಸರನ್ನೂ ಬದಲಿಸದೆ, ಕಾರ್ಡನ್ನೇ ಲಕೋಟೆಯಲ್ಲಿಟ್ಟು, ಮೇಲೆ ದಿನಾಂಕ, ಸಮಯ ಬರೆದು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.